ಸಿಂಕಿನ ಮುಂದೆ ನಡೆದ ಸಂಶೋಧನೆ

ಮನಶ್ಶಾಸ್ತ್ರದ ಸಂಜೆ ತರಗತಿಯಲ್ಲಿ ಪ್ರಯೋಗ ವಿನ್ಯಾಸದ ಎರಡೇ ಪಾಠ ಕೇಳಿದ್ದೆ. ಅಷ್ಟಕ್ಕೇ ಮನೆಯ ಗಂಡಸರ ಮನಸ್ಸು ನನಗೆ ಅಂಗೈ ಮೇಲಿನ ನೆಲ್ಲಿಕಾಯಿಯಾಗಿಬಿಟ್ಟಿತು! ಪರೀಕ್ಷೆಗೆ ಓದಲು ದಿನಕ್ಕೊಂದು ಗಂಟೆ ಬೇಕಿತ್ತು. ಆ ಗಂಟೆ ಸಿಂಕಿನಲ್ಲಿ, ಎಂಜಲು ತಟ್ಟೆಗಳ ಅಡಿಯಲ್ಲಿ ಬಿದ್ದಿತ್ತು. ಅದನ್ನು ವೈಜ್ಞಾನಿಕವಾಗಿಯೇ ಮೇಲೆತ್ತುವೆನೆಂದು ಪಣ ತೊಟ್ಟೆ.

ನನ್ನ ಊಹೆ ಸರಳ: ಹೊಗಳಿದರೆ ಗಂಡಸು ಪಾತ್ರೆ ತೊಳೆಯುತ್ತಾನೆ. ಮನೆಯಲ್ಲಿ ಇರುವ ಗಂಡಸರು ಇಬ್ಬರು. ನಾಣ್ಯ ಚಿಮ್ಮಿದೆ. ಹೊಗಳಿಕೆ ಗಂಡನ ಪಾಲಿಗೆ ಬಂತು. ಮೈದುನ ಹೋಲಿಕೆಗೆಂದು ಉಳಿದ. ಅವನಿಗೆ ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಯಾರು ಎಷ್ಟು ತೊಳೆದರೆಂದು ಬರೆದಿಡಲು ಅತ್ತೆಯವರ ಕೈಗೆ ನೋಟ್‌ಬುಕ್ ಕೊಟ್ಟೆ. ಯಾಕೆಂದು ಹೇಳಲಿಲ್ಲ. ಬರೆಯುವವರಿಗೆ ಉದ್ದೇಶ ತಿಳಿಯಬಾರದು, ಅದು ಶಾಸ್ತ್ರ!

ಮೊದಲ ದಿನ ಗಂಡ ಒಂದು ಲೋಟ ತೊಳೆದರು.

"ಅಬ್ಬಾ, ಏನು ಹೊಳಪು ರೀ! ಮುಖ ಕಾಣ್ತಿದೆ!"

"ಹೌದಾ?" ಎಂದವರೇ ಅದೇ ಲೋಟವನ್ನು ಮತ್ತೆ ತೊಳೆದರು.

ಮರುದಿನದಿಂದ ಚಮಚಕ್ಕೊಂದು ಕೂಗು. "ಏ, ಬಾ ಇಲ್ಲಿ, ಇದನ್ನ ನೋಡು!" ನಾನು ಪುಸ್ತಕ ಹಿಡಿದೇ ಓಡುತ್ತಿದ್ದೆ.

ಮೂರನೇ ದಿನ ಮೈದುನ ಮುಖ ಊದಿಸಿಕೊಂಡು ಬಂದ.

"ಅತ್ತಿಗೆ, ಸೀದುಹೋದ ಬಾಣಲೆ ಉಜ್ಜಿಟ್ಟಿದ್ದೀನಿ. ಅಣ್ಣ ಚಮಚ ತೊಳೆದ್ರೆ ಆಹಾ ಓಹೋ, ನನಗೆ ಮಾತ್ರ ಮೌನವ್ರತಾನಾ?"

ನಾನು ತುಟಿ ಬಿಗಿಹಿಡಿದೆ. ವಿಜ್ಞಾನಕ್ಕೆ ಕರುಣೆಯಿಲ್ಲ! ಅಂದಿನಿಂದ ಅವನು ಉಂಡ ತಟ್ಟೆಯನ್ನೂ ಮೇಜಿನಿಂದ ಎತ್ತಲಿಲ್ಲ.

ವಾರದ ಕೊನೆಗೆ ನೋಡಿದರೆ, ದಿನಕ್ಕೆ ಗಂಡ ತೊಳೆದದ್ದು ಹತ್ತು ನಿಮಿಷ. ನಾನು ಹೊಗಳಿದ್ದು ಇಪ್ಪತ್ತು ನಿಮಿಷ. ಅವರು ಉಳಿಸಿದ ಜಿಡ್ಡನ್ನು ಕದ್ದು ಮುಚ್ಚಿ ಮತ್ತೆ ಉಜ್ಜಿದ್ದು ಮುಕ್ಕಾಲು ಗಂಟೆ! ಪುಸ್ತಕದ ಒಂದು ಹಾಳೆಯೂ ಮುಂದಕ್ಕೆ ಮಗುಚಿರಲಿಲ್ಲ.

ಅತ್ತೆಯ ಮುಂದೆ ಕುಸಿದು ಕೂತು ಗುಟ್ಟೆಲ್ಲ ಬಿಚ್ಚಿಟ್ಟೆ. "ಹೊಗಳಿ ಕೆಲಸ ಮಾಡಿಸೋದು ಆಗದ ಮಾತು ಅತ್ತೆ. ನನ್ನ ಊಹೆನೇ ಸುಳ್ಳು."

ಅವರು ನೋಟ್‌ಬುಕ್ ಮುಚ್ಚಿ, ಕನ್ನಡಕ ತೆಗೆದು ನಕ್ಕರು.

"ಯಾರು ಹೇಳಿದ್ದು? ನೀನು ಈ ಮನೆಗೆ ಬಂದ ವಾರವೇ, 'ನಿನ್ನಷ್ಟು ಚೊಕ್ಕವಾಗಿ ಪಾತ್ರೆ ತೊಳೆಯೋರನ್ನ ನಾನು ಕಂಡೇ ಇಲ್ಲ ಕಣಮ್ಮ' ಅಂದಿದ್ದೆ. ನಮ್ಮತ್ತೆ ನನಗೂ ಹಾಗೇ ಅಂದಿದ್ರು. ನೀನು ಬಂದು ಹದಿನಾಲ್ಕು ವರ್ಷ ಆಯ್ತು, ನಾನು ಸಿಂಕ್ ಮುಟ್ಟಿದ್ದು ನೋಡಿದ್ದೀಯಾ?"