ನಮ್ಮ ಬ್ಯಾಂಡ್ ಕಂಪನಿಯ ಒಂದೇ ಕ್ಯಾಸೆಟ್ಟು

ಬ್ಯಾಂಡಿನವರ ನಸೀಬೇ ವಿಚಿತ್ರ. ಲಗ್ನಕ್ಕೂ ನಮ್ಮನ್ನೇ ಕರೆಯುತ್ತಾರೆ, ಮಣ್ಣಿಗೂ ನಮ್ಮನ್ನೇ ಕರೆಯುತ್ತಾರೆ. ಎರಡಕ್ಕೂ ನಾವು ಅದೇ ಕೆಂಪು ಕೋಟು ಹಾಕಿಕೊಂಡು ಹೋಗುತ್ತೇವೆ. ಹೀಗಿದ್ದ ಮೇಲೆ ನಗುವ ಜಾಗದಲ್ಲಿ ಅಳು, ಅಳುವ ಜಾಗದಲ್ಲಿ ನಗು ನಮಗೆ ಗಂಟುಬೀಳದೆ ಇನ್ಯಾರಿಗೆ ಬೀಳಬೇಕು?

ನಮ್ಮೂರು ಸದಲಗಾ ಬಾಜೂಕ, ದೂಧಗಂಗೆಯ ದಂಡೆಯಲ್ಲಿ. ನಾನು ಟ್ರಂಪೆಟ್ ಊದುತ್ತೇನೆ. ಚಿಕ್ಕೋಡಿಯಿಂದ ಕಾಗವಾಡದ ತನಕ ನನ್ನಂತೆ ಊದುವವ ಇನ್ನೊಬ್ಬನಿದ್ದರೆ ಕರೆತನ್ನಿ, ಟ್ರಂಪೆಟ್ ಅವನ ಕೈಗೆ ಕೊಟ್ಟು ನಾನು ಕಬ್ಬು ಕಡಿಯಲು ಹೋಗುತ್ತೇನೆ. ಇದನ್ನು ನಾನೇ ಹೇಳಬಾರದು, ಖರೆ. ಆದರೆ ಬೇರೆ ಯಾರೂ ಹೇಳುತ್ತಿಲ್ಲವಲ್ಲ, ಏನು ಮಾಡಲಿ?

ಕಂಪನಿ ಕಟ್ಟಿದವರು ನಮ್ಮ ಮಾಸ್ತರರು. ಅವರದು ಕ್ಲಾರಿನೆಟ್. ಅವರ ಏರುಗಾಲದಲ್ಲಿ ಹತ್ತೊಂಬತ್ತು ಮಂದಿ ಇದ್ದರಂತೆ. ಆಮೇಲೆ ಕೆಲವರು ತೀರಿಹೋದರು, ಕೆಲವರು ಸಕ್ಕರೆ ಕಾರ್ಖಾನೆ ಸೇರಿದರು, ಒಬ್ಬನಂತೂ ನಮ್ಮ ಹೊಟ್ಟೆಗೆ ಕಲ್ಲು ಹಾಕಿದ ಡಿಜೆಯನ್ನೇ ಟ್ರ್ಯಾಕ್ಟರ್ ಮೇಲೆ ಹೇರಿಕೊಂಡು ಊರೂರು ತಿರುಗತೊಡಗಿದ. ನಾನು ಸೇರುವ ಹೊತ್ತಿಗೆ ಉಳಿದದ್ದು ನಾಲ್ಕು: ಮಾಸ್ತರರು, ದೊಡ್ಡ ಡ್ರಮ್ಮಿನ ಕಾಕಾ, ತಾಳದವನು, ನಾನು. ಕೋಟು ಮಾತ್ರ ಹತ್ತೊಂಬತ್ತೂ ಇದ್ದವು.

ಕಡೇ ಪಂಕ್ತಿ

ಅಂಕಲಿಯ ಒಬ್ಬ ದೊಡ್ಡ ಮನುಷ್ಯರು ಮಗಳ ಲಗ್ನಕ್ಕೆ ನಮ್ಮನ್ನು ಗೊತ್ತು ಮಾಡಲು ಬಂದರು. ಮಾಸ್ತರರ ಮನೆಯ ಗೋಡೆಯ ಮೇಲೆ ಹತ್ತೊಂಬತ್ತೂ ಮಂದಿಯ ಹಳೆಯ ಫೋಟೋ ಇತ್ತು. ಅದನ್ನು ನೋಡಿ, “ಇದರಾಗ ಎಷ್ಟ ಮಂದಿ ಅದಾರೋ ಅಷ್ಟೂ ಮಂದಿ ಬರಬೇಕ ನೋಡ್ರಿ” ಅಂದರು.

ಮಾಸ್ತರರು ಬಾಯಿ ತೆರೆಯುವ ಮೊದಲೇ ನಾನು, “ಬರ್ತಾರ್ರಿ. ನಾ ಅದೀನಲ್ಲ!” ಅಂದುಬಿಟ್ಟೆ.

ಫೋಟೋದಲ್ಲಿದ್ದವರಲ್ಲಿ ಆರು ಮಂದಿ ಆಗಲೇ ಮಣ್ಣಾಗಿದ್ದರು. ಆದರೆ ನನ್ನ ತಲೆ ಇರುವುದು ಯಾತಕ್ಕೆ? ಲಗ್ನದ ದಿನ ಗಂಡಿನ ಕಡೆಯವರಲ್ಲಿ ಸುಮ್ಮನೆ ಅಡಿಕೆ ಅಗಿಯುತ್ತ ಕೂತಿದ್ದ ಹದಿನೈದು ಮಂದಿಯನ್ನು ಹುಡುಕಿ ಕೆಂಪು ಕೋಟು ತೊಡಿಸಿದೆ. ಮೂಲೆಯಲ್ಲಿ ಬಿದ್ದಿದ್ದ ಹಳೆಯ ವಾದ್ಯ ಒಂದೊಂದನ್ನು ಕೈಗೆ ಕೊಟ್ಟು, “ಬಾಯಿಗೆ ಹಿಡೀರಿ, ಊದಬ್ಯಾಡ್ರಿ” ಅಂದೆ. ಮೆರವಣಿಗೆ ಝಕ್ಕಾಸಾಗಿ ಆಯಿತು. ಬೀಗರು ಖುಷ್.

ಊಟಕ್ಕೆ ಕೂಡುವಾಗ ಘಾತವಾಯಿತು. ಕೋಟು ತೆಗೆಯದೆ ಮೊದಲ ಪಂಕ್ತಿಯಲ್ಲಿ ಕೂತ ಒಬ್ಬ ಹಿರಿಯರ ತೋಳು ಹಿಡಿದು ಬಡಿಸುವವನು ಎಬ್ಬಿಸಿದ.

“ಏಳ್ರಿ, ಏಳ್ರಿ, ಬ್ಯಾಂಡಿನವರು ಕಡೇ ಪಂಕ್ತಿಗೆ.”

“ಲೇ, ನಾ ಮದಿಮಗನ ಸೋದರಮಾವ ಅದೀನಿ!”

ಬಡಿಸುವವನು ಮುಖ ಕೂಡ ಎತ್ತಲಿಲ್ಲ. “ಹೋದ ಲಗ್ನದಾಗ ತಾಳದವನೂ ಹಿಂಗ ಅಂದಿದ್ದ. ಏಳ್ರಿ.”

ಕಾಲು ಬಿದ್ದರೆ ಕೈ

ಇದು ನಾನು ಹುಟ್ಟುವ ಮೊದಲು ನಡೆದದ್ದು. ಆದರೆ ಡ್ರಮ್ಮಿನ ಕಾಕಾ ಎಷ್ಟು ಸಲ ಹೇಳಿದ್ದಾರೆಂದರೆ ನಾನೂ ಅಲ್ಲಿದ್ದೆನೇನೋ ಅನ್ನಿಸುತ್ತದೆ.

ಹತ್ತೊಂಬತ್ತು ಮಂದಿ ಕ್ಯಾಸೆಟ್ ಮಾಡಿಸಲು ಕೊಲ್ಹಾಪುರಕ್ಕೆ ಹೋದರಂತೆ. ಇಡೀ ತಾಲೂಕಿನಲ್ಲಿ ಯಾವ ಬ್ಯಾಂಡಿನವರೂ ಆಗ ಕ್ಯಾಸೆಟ್ ಮಾಡಿಸಿದ್ದಿಲ್ಲ. ಸ್ಟುಡಿಯೋದ ನಡುವೆ ಒಂದು ಮೈಕು, ಗಾಜಿನ ಆಚೆ ರೆಕಾರ್ಡಿಂಗ್ ಸಾಹೇಬರು. ಅವರು ಮರಾಠಿಯಲ್ಲಿ, ಎಲ್ಲರೂ ಮೈಕಿನ ಮುಂದೆ ಅಲ್ಲಾಡದೆ ನಿಂತು ಬಾರಿಸಿ ಅಂದರು.

ನಿಂತರು. ಬರಲಿಲ್ಲ. ಡ್ರಮ್ಮು ಒಂದು ಕಡೆ, ತಾಳ ಒಂದು ಕಡೆ, ಕ್ಲಾರಿನೆಟ್ ಮೂರನೇ ಊರಲ್ಲಿ. ಹುಟ್ಟಾ ನಡೆಯುತ್ತ ಬಾರಿಸಿದ ಮಂದಿ. ನಿಂತು ಬಾರಿಸಿ ಗೊತ್ತೇ ಇಲ್ಲ.

“ಕಾಲ ಬಿದ್ದರ ಕೈ ಬೀಳತಾವ್ರಿ ಸಾಹೇಬ್ರ, ಕಾಲ ನಿಂತರ ಕೈನೂ ನಿಲ್ಲತಾವ” ಅಂದರಂತೆ ಕಾಕಾ.

ಸಾಹೇಬರು ತಲೆ ಚಚ್ಚಿಕೊಂಡು, ಹಾಗಾದರೆ ಮೈಕಿನ ಸುತ್ತ ತಿರುಗಿ ಅಂದರು. ತಿರುಗಿದರು. ಒಂದು ಸುತ್ತು, ಎರಡು ಸುತ್ತು, ಅಬ್ಬಾ, ಏನು ಬಾರಿಸಿದರಂತೆ! ಮೂರನೇ ಸುತ್ತಿಗೆ ಮುಂದಿದ್ದ ಮಾಸ್ತರರಿಗೆ ತೆರೆದ ಬಾಗಿಲು ಕಂಡಿತು. ಮೆರವಣಿಗೆಯ ಕಾಲು, ಬಯಲು ಕಂಡರೆ ಬಿಟ್ಟೀತೇ? ಕಣ್ಣು ಅರ್ಧ ಮುಚ್ಚಿ ಊದುತ್ತಲೇ ಮಾಸ್ತರರು ಹೊರಬಿದ್ದರು. ಅವರ ಹಿಂದೆ ಹದಿನೆಂಟು ಮಂದಿ. ಸಾಹೇಬರು ಬಾಗಿಲ ತನಕ ಓಡಿಬಂದು, “ಥಾಂಬಾ! ಥಾಂಬಾ! ಅಹೋ ಮಾಸ್ತರ, ಪರತ್ ಯಾ!” ಎಂದು ಚೀರಿದರು. ನಿಲ್ಲಿ, ನಿಲ್ಲಿ, ಮಾಸ್ತರೇ ತಿರುಗಿ ಬನ್ನಿ ಅಂತ. ಮಾಸ್ತರರು ಹೊಳ್ಳಿ ನೋಡಲಿಲ್ಲ. ನಡುವೆ ನಿಲ್ಲಿಸುವುದು ನಮ್ಮ ಕಂಪನಿಯ ರಿವಾಜಲ್ಲ. ಬೀದಿಯ ತುದಿಯ ಚಹಾದಂಗಡಿಯ ಮುಂದೆಯೇ ಹಾಡು ಮುಗಿಸಿದರು.

ಇನ್ನೊಮ್ಮೆ ಮಾಡೋಣ ಅಂತ ಸಾಹೇಬರು ಕೈಮುಗಿದರೆ ಮಾಸ್ತರರು ಏನೆಂದರು ಗೊತ್ತೇ? “ಒಮ್ಮೆ ಊದಿದ್ದು ಊದಿದ್ದ. ಒಬ್ಬ ಮದಿಮಗನ್ನ ಎರಡ ಸಲ ಮೆರಸ್ತಾರೇನ್ರಿ?”

ಹಾಗೆ ಕ್ಯಾಸೆಟ್ಟು ಇದ್ದದ್ದು ಇದ್ದ ಹಾಗೇ ಬಂತು. ಬ್ಯಾಂಡು ಹತ್ತಿರ ಬರುತ್ತದೆ, ದೂರ ಹೋಗುತ್ತದೆ, ಮತ್ತೆ ಬರುತ್ತದೆ, ಕೊನೆಗೆ ಹೋಗೇಬಿಡುತ್ತದೆ. ಕೊಂಡವರೆಲ್ಲ ತಮ್ಮ ಟೇಪ್ ರೆಕಾರ್ಡರನ್ನೇ ರಿಪೇರಿಗೆ ಹಾಕಿದರಂತೆ.

ಮೂರು ಗುಂಡು

ಹೋದ ವರ್ಷ ಮಾಸ್ತರರ ಉಸಿರು ಸೋತಿತು. ನಿಪ್ಪಾಣಿಯ ಒಂದು ದವಾಖಾನೆಗೆ ಒಯ್ದೆವು. ಅಲ್ಲಿ ನರ್ಸಬಾಯಿ ಉಸಿರಿನ ಕಸರತ್ತಿಗೆ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟಳು, ಒಳಗೆ ಮೂರು ಗುಂಡು, ಬಾಯಿಗೆ ಹಿಡಿಯಲು ನಳಿಕೆ. ಮಾಸ್ತರರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ತೂತ ಎಲ್ಲಿ ಅದಾವ? ಬೆರಳ ಎಲ್ಲಿ ಇಡಲಿ?” ಅಂದರು. ಆಮೇಲೆ ತುಟಿ ಒದ್ದೆ ಮಾಡಿಕೊಂಡು, ಕಾಕಾನ ಕಡೆ ಗೋಣು ಹಾಕಿ ಡ್ರಮ್ಮಿನ ಠೇಕಾ ಕೊಡು ಅಂತ ಸನ್ನೆ ಮಾಡಿ, ಊದಿದರು.

“ಊದಬ್ಯಾಡ್ರಿ ಅಜ್ಜಾರ, ಎಳೀರಿ! ಉಸರ ಒಳಗ ಎಳೀರಿ.”

ನಮ್ಮ ಮಾಸ್ತರರು ನಿಪ್ಪಾಣಿ ತಂಬಾಕಿನ ಬೀಡಿ ಎಳೆದೇ ಅಲ್ಲಿಗೆ ಬಂದವರು. “ಡಾಕ್ಟರು ಜನ್ಮದಾಗ ಎಳೀಬ್ಯಾಡ ಅಂತಾರ, ನೀ ಎಳಿ ಅಂತಿ. ಇಬ್ರೂ ಮೊದಲ ಮಾತಾಡಿಕೊಂಡ ಬರ್ರಿ ತಂಗೀ.”

ಎಳೆದರು. ಒಂದು ಗುಂಡೂ ಏಳಲಿಲ್ಲ. ನಾನು ಡಬ್ಬಿ ಕಸಿದು ಒಂದೇ ಏಟಿಗೆ ಮೂರೂ ಗುಂಡು ಎತ್ತಿ, “ಹೆಂಗ!” ಅಂದೆ. ವಾರ್ಡಿನಲ್ಲಿ ಯಾರೂ ಶಭಾಶ್ ಅನ್ನಲಿಲ್ಲ. ಮಾಸ್ತರರ ಮುಖ ನೋಡಿದ ಮೇಲೆ ಯಾಕೆಂದು ತಿಳಿಯಿತು. ಡಬ್ಬಿ ಮೆಲ್ಲಗೆ ಕೆಳಗಿಟ್ಟೆ.

ಮಾಸ್ತರರು ಅದನ್ನು ಆಚೆ ಸರಿಸಿ ಅಂದರು: “ನಾ ಹೋದಾಗ ಡಿಜೆ ಹಾಡು ಹಚ್ಚಬ್ಯಾಡ್ರಿ. ನಮ್ಮ ಬ್ಯಾಂಡ ಬಾರಿಸಬೇಕು.”

“ಬಾರಸ್ತೀವ್ರಿ.”

“ಮೂರ ಮಂದಿ ಅಲ್ಲ. ಹತ್ತೊಂಬತ್ತ.”

ನನ್ನ ಬಾಯಿ ನನ್ನ ಮಾತು ಯಾವಾಗ ಕೇಳಿದೆ? “ಹತ್ತೊಂಬತ್ತೂ ಮಂದಿ ಬಾರಸ್ತಾರ್ರಿ. ನಾ ಅದೀನಲ್ಲ!”

ಮಾಸ್ತರರು ಕೆಮ್ಮುತ್ತ ನಕ್ಕರು. “ಅದರಾಗ ಒಬ್ಬ ನಾನ ಅದೀನಲ್ಲೋ ಹುಚ್ಚಪ್ಪಾ. ನಾನೂ ಎದ್ದ ಬರಬೇಕೇನು?”

ಕಪಾಟಿನ ಕಾಲು

ಹತ್ತೊಂಬತ್ತು ಮಂದಿ ಒಟ್ಟಿಗೆ ಇನ್ನು ಸಿಗುವುದು ಒಂದೇ ಕಡೆ, ಆ ಕ್ಯಾಸೆಟ್ಟಿನೊಳಗೆ. ಹುಡುಕಿಕೊಂಡು ಮೋಟರ್‌ಸೈಕಲ್ ಹತ್ತಿದೆ. ಭೋಜದ ಒಬ್ಬರ ಮನೆಯಲ್ಲಿದ್ದದ್ದನ್ನು ಇಲಿ ತಿಂದಿತ್ತು. ರಾಯಬಾಗದಲ್ಲಿ ಸಿಕ್ಕ ಕ್ಯಾಸೆಟ್ಟಿನ ಮೇಲೆ ಆ ಮನೆಯ ಯಜಮಾನರು ಮಗನ ನಾಮಕರಣ ರೆಕಾರ್ಡ್ ಮಾಡಿದ್ದರು. ಕ್ಲಾರಿನೆಟ್ ಈಗ ಏರುತ್ತದೆ ಅನ್ನುವಾಗ ಕೂಸು ಕಿಟಾರನೆ ಕಿರುಚುತ್ತದೆ. ಅಥಣಿಯಲ್ಲಿ ಡಬ್ಬಿ ಇತ್ತು, ಕ್ಯಾಸೆಟ್ ಇರಲಿಲ್ಲ.

ಸೋತು ಬಂದು ಮಾಸ್ತರರ ಹೆಂಡತಿಯ ಮುಂದೆ ಕೂತೆ. ಮಾಸ್ತರರು ಒಳಗೆ ಮಲಗಿದ್ದರು.

“ಅವ್ವಾರ, ಒಂದಾದ್ರೂ ಉಳದಿಲ್ಲೇನ್ರಿ?”

“ಉಳದೈತಿ. ಕಪಾಟಿನ ಕಾಲು ಸಣ್ಣದೈತಿ ನೋಡು, ಅದರ ಬುಡಕ ಇಟ್ಟೀನಿ.”

“ಮಾಸ್ತರರ ಕ್ಯಾಸೆಟ್ಟು! ಕಪಾಟಿನ ಬುಡಕ?”

“ನಮ್ಮ ಮನ್ಯಾಗ ಅದು ಉಪಯೋಗಕ್ಕ ಬಂದದ್ದು ಅಲ್ಲೇ ಒಂದ ಕಡೆ, ತಮ್ಮಾ.”

ಕಪಾಟು ಎತ್ತಿ ತೆಗೆದೆ. ನಿಪ್ಪಾಣಿಯ ಮೊಬೈಲ್ ಅಂಗಡಿಯವನು ಅರ್ಧ ದಿನ ಒದ್ದಾಡಿ ಅದನ್ನು ನನ್ನ ಫೋನಿಗೆ ಇಳಿಸಿಕೊಟ್ಟ. “ಕಡೀಕ ಯಾರೋ ಚೀರ್ತಾರ. ಕಟ್ ಮಾಡ್ಲೇನು?” ಅಂತ ಕೇಳಿದ.

ನಾನು ಎದೆ ಉಬ್ಬಿಸಿದೆ. “ಏನೂ ಮುಟ್ಟಬ್ಯಾಡ. ನಮ್ಮ ಮಾಸ್ತರರದು ಒಮ್ಮೆ ಊದಿದ್ದು ಊದಿದ್ದ.”

ಅವರಿಗೆ ಒಮ್ಮೆ ಕೇಳಿಸಬೇಕೆಂದು ಗಾಡಿ ಓಡಿಸಿಕೊಂಡು ಬಂದೆ. ಮನೆಯ ಮುಂದೆ ಮಂದಿ ನಿಂತಿದ್ದರು. ಒಳಗೆ ಕಪಾಟು ಒಂದು ಕಡೆ ವಾಲಿತ್ತು.

ಪರತ್ ಯಾ

ಸ್ಪೀಕರ್ ತರಲು ಹೋಗಬೇಕಾದದ್ದು ನಮ್ಮನ್ನು ಬಿಟ್ಟುಹೋದ ಆ ಡಿಜೆಯವನ ಹತ್ತಿರವೇ. ಅವನು ಆಗಲೇ ಟ್ರ್ಯಾಕ್ಟರ್ ತಂದು ನಿಲ್ಲಿಸಿದ. ಪೆಟ್ಟಿಗೆಗಳು ಡಿಜೆಯವು, ಆದರೆ ಒಳಗಿನ ಉಸಿರು ಮಾಸ್ತರರದು. ಕೊಟ್ಟ ಮಾತು ನಾನು ತಪ್ಪಲಿಲ್ಲ, ಬರೆದಿಟ್ಟುಕೊಳ್ಳಿ.

ಚಟ್ಟ ಎತ್ತಿದರು. ಮುಂದೆ ಕೆಂಪು ಕೋಟಿನಲ್ಲಿ ನಾವು ಮೂವರು, ಹಿಂದೆ ಟ್ರ್ಯಾಕ್ಟರ್. ಫೋನು ಒತ್ತಿದೆ. ಹತ್ತೊಂಬತ್ತು ಮಂದಿ ಒಮ್ಮೆಲೇ ಬಂದರು. ನಾನು ಟ್ರಂಪೆಟ್ ಬಾಯಿಗೆ ಹಿಡಿದವ ಊದುವುದನ್ನೇ ಮರೆತೆ. ಚಿಕ್ಕೋಡಿಯಿಂದ ಕಾಗವಾಡದ ತನಕ ನನ್ನಂಥವ ಇಲ್ಲ ಅಂತ ಹೇಳಿದ್ದೆನಲ್ಲ, ಆ ಮಾತು ಆ ಒಂದು ದಿನದ ಮಟ್ಟಿಗೆ ವಾಪಸು.

ಓಣಿಯ ಮಂದಿ ಕಟ್ಟೆ ಇಳಿದು ಬಂದರು. “ಅದು ನಮ್ಮಪ್ಪ ಊದಿದ ಕೊಂಬು” ಅಂತ ಒಬ್ಬ ಅತ್ತ. ಅವನಪ್ಪ ಸತ್ತು ಹನ್ನೆರಡು ವರ್ಷ. ಬ್ಯಾಂಡು ಹತ್ತಿರ ಬರುತ್ತಿತ್ತು, ದೂರ ಹೋಗುತ್ತಿತ್ತು. ಹೊಳೆಯ ದಾರಿಗೆ ಹೊಳ್ಳುವಾಗ ದೂರ, ಇನ್ನೂ ದೂರ ಹೋಗತೊಡಗಿತು. ಆಗ ಟ್ರ್ಯಾಕ್ಟರಿನ ಎಂಟೂ ಪೆಟ್ಟಿಗೆಗಳಿಂದ, ಸೀಮೆಗೆಲ್ಲ ಕೇಳುವ ಹಾಗೆ:

“ಥಾಂಬಾ! ಥಾಂಬಾ! ಅಹೋ ಮಾಸ್ತರ, ಪರತ್ ಯಾ!”

ಗಡಿಯ ಮಂದಿ ನಾವು, ಮರಾಠಿ ಯಾರಿಗೆ ತಿಳಿಯುವುದಿಲ್ಲ? ಚಟ್ಟ ಹೊತ್ತ ನಾಲ್ವರೂ ಗಕ್ಕನೆ ನಿಂತರು. ಹಿಂದಿನವರು ಮುಂದಿನವರಿಗೆ ಡಿಕ್ಕಿ ಹೊಡೆದರು. ಒಬ್ಬ ಮುದುಕರು ಟೊಪ್ಪಿಗೆ ತೆಗೆದು ತುದಿಗಾಲ ಮೇಲೆ ನಿಂತು ಮಾಸ್ತರರ ಮೂಗಿನ ಹತ್ತಿರ ಕೈ ಹಿಡಿದರು. ದೇವರಾಣೆ, ಒಂದು ಗಳಿಗೆ ನಾನೂ ನೋಡಿದೆ, ಎದ್ದಾರೇನೋ ಅಂತ.

ಡ್ರಮ್ಮಿನ ಕಾಕಾ ಕೆಂಪು ಕೋಟಿನ ತೋಳಿನಿಂದ ಕಣ್ಣು ಒರೆಸಿಕೊಂಡರು. ಕೋಲೆತ್ತಿ ಡ್ರಮ್ಮಿಗೆ ಒಂದು ಏಟು ಕೊಟ್ಟರು.

“ನಡೀರಿ, ನಡೀರಿ. ಅವತ್ತೂ ಹಿಂಗ ಕರದಿದ್ರು. ಹೊಳ್ಳಿ ನೋಡಿದ್ದಿಲ್ಲ ಈ ಮಗಾ.”