ಬೆಕ್ಕು ಮೂಸಿ ಬಿಟ್ಟ ಮತ್ತಿ ಮೀನು

ಸಿದ್ದಾಪುರದಲ್ಲಿ ಮೀನಿನಂಗಡಿ ಇಟ್ಟವನಿಗೆ ಒಂದೊಂದು ದಿನ ಮಂಜುಗಡ್ಡೆ ಸಿಗದೇ ಹೋಗಬಹುದು, ನಗೆಯ ಪ್ರಸಂಗಗಳಿಗೆ ಮಾತ್ರ ಬರವಿಲ್ಲ. ಮುಕ್ಕಾಲು ಪಾಲು ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ಒಬ್ಬ ರೈಟರ ಕೊಡುಗೆ. ಅವರು ಒಳ್ಳೆಯದೆಂದ ಮೀನನ್ನು ತೋಟದ ಲೈನ್‌ಮನೆಗಳ ಕೂಲಿಯವರೆಲ್ಲ ಕೊಳ್ಳುತ್ತಾರೆ; ಅವರು ಮೂಗು ಮುರಿದರೆ ನನ್ನ ಭಾನುವಾರದ ವ್ಯಾಪಾರ ಮುಗಿಯಿತು. ಆದ್ದರಿಂದ ಸಹಿಸಿಕೊಂಡಿದ್ದೇನೆ.

೧. ಸ್ಕೂಟರ್ ಸವಾರಿ

ಮೀನು ನೋಡಿ ಕೊಳ್ಳುವುದನ್ನು ರೈಟರಿಗೆ ಕಲಿಸಿದ್ದು ನಾನೇ. ಕಣ್ಣು ಹೊಳೆಯಬೇಕು, ಕಿವಿರು ಕೆಂಪಗಿರಬೇಕು, ಬೆರಳಲ್ಲಿ ಒತ್ತಿದರೆ ಗುಳಿ ನಿಲ್ಲಬಾರದು. ಒಮ್ಮೆ ಇಷ್ಟೂ ಪರೀಕ್ಷೆ ಮಾಡಿ ಬಂಗುಡೆ ಕೊಂಡರು. ಚೀಲವನ್ನು ಬಿಸಿಲಲ್ಲಿ ನಿಂತ ಸ್ಕೂಟರಿಗೆ ತೂಗುಹಾಕಿ ಎದುರಿನ ಹೋಟೆಲಿಗೆ ಚಹಾಕ್ಕೆ ಹೋದವರು ಮಧ್ಯಾಹ್ನ ಎರಡಕ್ಕೆ ವಾಪಸ್ ಬಂದರು.

"ಕಾಕ, ಮೀನು ನಾರ್ತದೆ."

"ಕಣ್ಣೂರಿಂದ ಮಾಕುಟ್ಟ ಘಾಟಿ ಹತ್ತಿ ಬಂದದ್ದು ತಡ್ಕೊಂಡಿತ್ತು ಸಾರ್. ನಿಮ್ಮ ಒಂದು ಚಹಾ ತಡ್ಕೊಳ್ಲಿಲ್ಲ."

೨. ಗಾಳಿಸೇವನೆ

ಆಮೇಲೆ ಫ್ರಿಜ್ ಕೊಂಡರು. ಆದರೂ ಬೆಳಿಗ್ಗೆಯ ಹೊತ್ತಿಗೆ ಮೀನು ಲೊಳಲೊಳ, ಹುಳಿ ವಾಸನೆ ಎಂದು ಅದೇ ದೂರು. ವಿಚಾರಿಸಿದರೆ, ಮಲಗುವಾಗ ಸ್ವಿಚ್ ಆಫ್ ಮಾಡುತ್ತಾರಂತೆ.

"ನಾವೆಲ್ಲ ಮಲಗಿದ ಮೇಲೆ ಅದೊಂದು ಯಾಕೆ ಎದ್ದಿರ್ಬೇಕು?"

"ಒಳಗೆ ವಾಸನೆ ಕಟ್ತದೆ ಸಾರ್."

"ಅದಕ್ಕೇ ಬಾಗಿಲು ತೆಗ್ದಿಡ್ತೇನೆ. ಗಾಳಿಯಾಡ್ಲಿ."

ಕಡಲಿಂದ ಇಲ್ಲಿವರೆಗೆ ನಾನು ಮಂಜಿನ ಮೇಲೆ ಮಲಗಿಸಿ ತಂದ ಮೀನಿಗೆ ಕೊನೆಗೆ ಸಿಕ್ಕಿದ್ದು ಗಾಳಿಸೇವನೆ.

೩. ಪರೀಕ್ಷಕರು

ಕೊನೆಗೆ ನನ್ನ ಮೇಲೆ ನಂಬಿಕೆ ಹೋಗಿ ಪರೀಕ್ಷೆಯನ್ನು ಮನೆಯ ಬೆಕ್ಕಿಗೆ ವಹಿಸಿದರು. ಒಂದು ಮೀನನ್ನು ಬೆಕ್ಕಿಗೆಂದು ಪಕ್ಕಕ್ಕಿಟ್ಟು ಉಳಿದದ್ದನ್ನು ಫ್ರಿಜ್ಜಿಗೆ ಹಾಕುವುದು ಕ್ರಮ.

ಕಳೆದ ಭಾನುವಾರ ಎಂಟಕ್ಕೆ ಅರ್ಧ ಕಿಲೋ ಮತ್ತಿ ಒಯ್ದವರು ಹತ್ತಕ್ಕೆ ಬಂದರು. ಒಂದು ಕೈಯಲ್ಲಿ ಬೆಕ್ಕಿಗೆಂದು ತೆಗೆದಿಟ್ಟ ಮತ್ತಿ, ಇನ್ನೊಂದರಲ್ಲಿ ಬೆಕ್ಕಿನ ಬುಟ್ಟಿ. ಅಂಗಡಿ ತುಂಬ ಲೈನಿನವರು.

"ಇದು ಮುಟ್ಟುದಿಲ್ಲ ಕಾಕ. ಎಲ್ಲರೂ ನೋಡ್ಲಿ."

ಮತ್ತಿಯನ್ನು ಬುಟ್ಟಿಗಿಟ್ಟರು. ಬೆಕ್ಕು ಮೂಸಿತು, ಮುಖ ತಿರುಗಿಸಿತು, ಮೀಸೆ ನೆಕ್ಕಿ ಮಲಗಿತು. ನಾಲ್ಕು ಜನ ಚೀಲ ಮಡಚಿದರು. ನಾನು ಕಿವಿರು ಎತ್ತಿ ತೋರಿಸಿದೆ, ದಾಸವಾಳದ ಕೆಂಪು. ಯಾರೂ ನೋಡಲಿಲ್ಲ. ಬೆಕ್ಕು ತೀರ್ಪು ಕೊಟ್ಟಾಗಿತ್ತು.

ಅಷ್ಟರಲ್ಲಿ ರೈಟರಿಗೆ ಫೋನ್ ಬಂತು. ಅವರ ಹೆಂಡತಿಯ ದನಿ ಅಂಗಡಿಗೆಲ್ಲ ಕೇಳುವಂತಿತ್ತು.

"ಫ್ರಿಜ್ ಬಾಗಿಲು ಪುನಃ ತೆಗ್ದಿಟ್ಟಿದ್ದೀರಲ್ಲ. ಒಳಗೆ ಮೀನಿನ ಬರೀ ತಲೆ ಉಂಟು. ಆ ಬೆಕ್ಕೆಲ್ಲಿ?"

ಎಲ್ಲರೂ ಬುಟ್ಟಿಗೆ ಬಗ್ಗಿದರು. ಬೆಕ್ಕಿನ ಹೊಟ್ಟೆ ತಬಲದ ಹಾಗಿತ್ತು.

ಕಾಫಿ ಪಿಕ್ಕಿಂಗಿಗೆ ಹೋಗುವ ಅಜ್ಜಿಯೊಬ್ಬರು ಆ ಹೊಟ್ಟೆಯನ್ನು ಬೆರಳಲ್ಲಿ ಒತ್ತಿ ನೋಡಿದರು. ಗುಳಿ ನಿಲ್ಲಲಿಲ್ಲ. ಮಡಚಿದ ಚೀಲ ಬಿಚ್ಚಿ ಹೇಳಿದರು:

"ಅಷ್ಟೂ ತಿಂದು ಆರಾಮಾಗಿ ಮಲಗಿದೆಯಲ್ಲ. ನಂಗೆ ಒಂದು ಕಿಲೋ ತೂಗು ಕಾಕ."