ಮೂಲೆ ತಿರುಗುವವರೆಗೆ ಕಾಯದ ಹಾಡುಪೆಟ್ಟಿಗೆಗೆ

ಅಂಗೈಯಗಲದ ಮಾನ್ಯ ಹಾಡುಪೆಟ್ಟಿಗೆಯವರೇ,

ಸಂಜೆ ಆರೂವರೆಗೆ, ಹೊಲಿಗೆ ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಕುಳಿತವಳ ಸವಿನಯ ವಂದನೆಗಳು. ಇವತ್ತು ಎರಡು ಪ್ಯಾಂಟಿನ ಅಂಚು ಮಡಚಿದೆ, ಒಂದು ಜಿಪ್ಪು ಬದಲಿಸಿದೆ, ಕೋಟಿನ ಕಾಲರನ್ನು ಮತ್ತೊಮ್ಮೆ ಬಿಚ್ಚಿದೆ. ಕಾಲರಿನಲ್ಲಿ ತಮ್ಮ ಕೈವಾಡ ಇರುವುದರಿಂದ ಈ ಪತ್ರ.

ಹಾಡುಪೆಟ್ಟಿಗೆ ಮಾರುವ ಅಂಗಡಿಯ ಗಾಜಿನ ಹಿಂದೆ ತಾವು ಮೂವರು ಕುಳಿತಿದ್ದಿರಿ. ಬಣ್ಣದ ಪರದೆಯವರ ಬೆಲೆ ಕೇಳಿ ಕುಶಲ ಮಾತ್ರ ವಿಚಾರಿಸಿ ಮುಂದೆ ಬಂದೆ; ತೀರಾ ಅಗ್ಗದವರ ಗುಂಡಿ ಅಂಗಡಿಯವರ ಬೆರಳಿಗೇ ಅಂಟಿಕೊಂಡು ಬಂತು; ಉಳಿದವರು ತಾವು. ಫೋನಿನಲ್ಲೇ ಕೇಳಬಹುದಲ್ಲಮ್ಮ ಎಂದರು ಅಂಗಡಿಯವರು. ನಮ್ಮ ಯಜಮಾನರು ಹಾಡುವಾಗ ಯಾರಾದರೂ ಫೋನ್ ಮಾಡಿ ಪ್ಯಾಂಟು ಆಯಿತಾ ಎನ್ನುತ್ತಾರೆ, ಬದುಕಿದ್ದಾಗಲೂ ಇದೇ ಗೋಳು, ಈಗಲಾದರೂ ತಪ್ಪಲಿ ಎಂದೆ.

ತಮ್ಮ ಹೊಟ್ಟೆಗೆ ನಾನು ಹಾಕಿಸಿದ್ದು ಒಂದೇ ಹಾಡು. ಹೋದ ಚಳಿಗಾಲ ತೀರಿಕೊಂಡ ಯಜಮಾನರು ಈ ಕೋಟು ಹೊಲಿಯುತ್ತಾ ಗುನುಗಿದ್ದನ್ನು ನನ್ನ ನಾದಿನಿ ಗೇಲಿ ಮಾಡಲೆಂದೇ ಹಿಡಿದಿಟ್ಟಿದ್ದಳು. ಅಣ್ಣಾ, ನಿನಗಿಂತ ನಿನ್ನ ಮಿಷನ್ನೇ ಶ್ರುತಿಯಲ್ಲಿದೆ ಎಂದು ಅವಳು ನಗುವುದೂ ಅದರಲ್ಲಿದೆ. ನೇರ ಹೊಲಿಗೆಯಲ್ಲಿ ಗುನುಗುವವರು, ಬಟ್ಟೆಯ ಮೂಲೆ ಬಂದರೆ ಮಿಷನ್ ತುಳಿಯುವ ಕಾಲನ್ನೂ ಹಾಡನ್ನೂ ನಿಲ್ಲಿಸಿ, ಉಸಿರು ಹಿಡಿದು ಬಟ್ಟೆ ತಿರುಗಿಸಿ, ಬಿಟ್ಟ ಅಕ್ಷರದಿಂದಲೇ ಮತ್ತೆ ಎತ್ತಿಕೊಳ್ಳುವರು. ಅವರು ಬಿಟ್ಟುಹೋದ ಕಾಲರನ್ನು ಅವರದೇ ಲಯದಲ್ಲಿ ಮುಗಿಸಬೇಕೆಂಬುದು ನನ್ನ ಆಸೆ.

ತಾವಾದರೋ ಆ ಮೌನ ಕೇಳಿದ ಕೂಡಲೇ ಹಾಡು ಮುಗಿಯಿತೆಂದು ತೀರ್ಮಾನಿಸಿ, ಕಂಪನಿಯವರು ಪುಕ್ಕಟೆ ತುಂಬಿಕೊಟ್ಟ ಸಮುದ್ರದ ಅಲೆಗಳಿಗೆ ಹಾರುತ್ತೀರಿ. ತಮ್ಮ ಚುರುಕುತನ ದೊಡ್ಡದು. ಆಸ್ಪತ್ರೆಯ ವೈದ್ಯರು ಕೂಡ ಯಜಮಾನರ ವಿಷಯದಲ್ಲಿ ಇಷ್ಟು ಬೇಗ ಕೈಚೆಲ್ಲಿರಲಿಲ್ಲ. ಅಲೆಯ ಜೊತೆ ನನ್ನ ಕಾಲೂ ಓಡಿ, ಪ್ರತಿ ಸಲವೂ ಕಾಲರು ಅಲೆಅಲೆಯಾಗಿ ಏಳುತ್ತದೆ. ಬ್ಯಾಂಕಿನಲ್ಲಿ ಕೂರುವ ಕೋಟಿನ ಒಡೆಯರು ಇದನ್ನು ಹಾಕಿಕೊಳ್ಳಬೇಕಾದರೆ ಹಡಗಿನ ಕೆಲಸಕ್ಕೆ ಸೇರಬೇಕಾದೀತು. ಅಲೆಗಳನ್ನು ಅಳಿಸಿಕೊಡಿ ಎಂದರೆ, ಅದು ಕಂಪನಿಯ ಉಡುಗೊರೆ, ಅಳಿಸಲು ಬರುವುದಿಲ್ಲ ಎನ್ನುತ್ತಾರೆ ಅಂಗಡಿಯವರು.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ ಒಂದು ವಾರ ನಮ್ಮಲ್ಲಿ ಗುಂಡಿ ಹೊಲಿಯುವ ಕೆಲಸಕ್ಕೆ ಸೇರಿ, ಮುಗಿದ ಮೌನ ಯಾವುದು, ಮೂಲೆ ತಿರುಗುವ ಮೌನ ಯಾವುದು ಎಂದು ಕಲಿಯಬೇಕಾಗಿ ಕೋರುತ್ತೇನೆ. ಸಮುದ್ರವನ್ನು ಕಂಪನಿಗೆ ಹಿಂತಿರುಗಿಸುವುದಾದರೆ ಸೋರದ ಚೀಲವೊಂದನ್ನು ನಾನೇ ಹೊಲಿದುಕೊಡುತ್ತೇನೆ.

ಮೂಲೆಯಲ್ಲೇ ಸೂಜಿ ಊರಿ ಕಾದಿರುವ,
ತಮ್ಮ ವಿಶ್ವಾಸಿ,
ಹೊಲಿಗೆ ಅಂಗಡಿಯವಳು

ಮರೆತಿದ್ದ ಮಾತು: ನಾದಿನಿಗೆ ತಮ್ಮ ಪ್ರತಾಪ ತಿಳಿಸಿದೆ. ಅತ್ತಿಗೆ, ಅದನ್ನು ಡ್ರಾಯರಿಗೆ ಹಾಕಿಬಿಡಿ, ನಾನೇ ಬಂದು ಪಕ್ಕದಲ್ಲಿ ಕೂತು ಗುನುಗುತ್ತೇನೆ, ಅಣ್ಣನಷ್ಟು ಕೆಟ್ಟದಾಗಿ ಹಾಡುವವರು ಇನ್ನು ನಾನೊಬ್ಬಳೇ ತಾನೇ ಎಂದಳು. ಕಲಿಯುವ ಮನಸ್ಸಿದ್ದರೆ ತಾವು ಡ್ರಾಯರಿನೊಳಗಿಂದಲೇ ಕೇಳಿಸಿಕೊಳ್ಳಬಹುದು. ನಾಳೆ ಹತ್ತು ಗಂಟೆಗೆ ಕೋಟಿನ ಒಡೆಯರು ಅದನ್ನು ಒಯ್ಯಲು ಬರುತ್ತಾರೆ.